ಮದುವೆಯ ದಿನದ ಚಿತ್ರೀಕರಣ ಮತ್ತು ದಂಪತಿಗಳ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಛತ್ರ ಗೊತ್ತಾಗಿ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ವಧು-ವರರೂ ಅವರ ತಂದೆ-ತಾಯಂದಿರೂ ಮದುವೆಯ ವಿಡಿಯೋ ತೆಗೆಯುವ ನಮ್ಮ ಬಳಿಗೆ ಮಾತುಕತೆಗೆಂದು ಬರುತ್ತಾರೆ. ಆಗ ಅವರು ಕೇಳುವ ಪ್ರಶ್ನೆಗಳನ್ನೂ ನಾವು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇವೆ. ಕೆಲವು ಉತ್ತರಗಳು ದೀರ್ಘವಾಗಿವೆ. ಆ ವಿಷಯಗಳಲ್ಲಿ ಮೊದಲೇ ಮಾತಾಡಿಕೊಳ್ಳದಿದ್ದರೆ ಮದುವೆಯ ದಿನ ಸರಿಪಡಿಸಿಕೊಳ್ಳಲು ಅವಕಾಶವಿರುವುದಿಲ್ಲ.

ಟ್ರೆಡಿಷನಲ್, ಕ್ಯಾಂಡಿಡ್, ಸಿನಿಮ್ಯಾಟಿಕ್ ಎಂದೆಲ್ಲ ಹೇಳುತ್ತಾರೆ. ನಮಗೆ ಬೇಕಾದುದು ಯಾವುದು?

ಶಾಸ್ತ್ರಗಳನ್ನು ನಡೆದ ಕ್ರಮದಲ್ಲೇ, ಹೆಚ್ಚು ಕತ್ತರಿಸದೆ, ಬಂದವರ ಮುಖಗಳೆಲ್ಲ ಸಿಗುವಂತೆ ದಾಖಲಿಸುವುದು ಟ್ರೆಡಿಷನಲ್ ವಿಡಿಯೋ. ಯಾರನ್ನೂ ನಿಲ್ಲಿಸದೆ, ಹೀಗೆ ನಿಲ್ಲಿ ಎಂದು ಹೇಳದೆ, ದೂರದಿಂದ ತೆಗೆಯುವುದು ಕ್ಯಾಂಡಿಡ್. ಈ ಎರಡರಿಂದಲೂ ಆಯ್ದ ದೃಶ್ಯಗಳನ್ನು ಮಾತು, ಸಂಗೀತಗಳೊಂದಿಗೆ ಹೆಣೆದು ಹತ್ತಿಪ್ಪತ್ತು ನಿಮಿಷಗಳ ಕಥೆಯಾಗಿ ಕಟ್ಟಿದರೆ ಅದನ್ನು ಸಿನಿಮ್ಯಾಟಿಕ್ ಫಿಲ್ಮ್ ಎನ್ನುತ್ತಾರೆ. ವಧು-ವರರು ಸಾಮಾನ್ಯವಾಗಿ ಕೊನೆಯದನ್ನು ಮಾತ್ರ ಕೇಳುತ್ತಾರೆ. ಹಿರಿಯರಿಗೆ ಮೊದಲನೆಯದೇ ಬೇಕು. ಈ ವಿಷಯದಲ್ಲಿ ನಾವು ಹಿರಿಯರ ಪಕ್ಷ. ಚಿಕ್ಕ ಫಿಲ್ಮಿನಲ್ಲಿ ದೊಡ್ಡಪ್ಪ ಎರಡು ಸೆಕೆಂಡು ಕಾಣಿಸಿದರೆ ಹೆಚ್ಚು; ಉದ್ದದ ವಿಡಿಯೋದಲ್ಲಿ ಅವರು ಅಡುಗೆಯವರ ಜೊತೆ ವಾದಿಸುವುದು, ಬೀಗರನ್ನು ಎದುರುಗೊಳ್ಳುವುದು, ಪಂಕ್ತಿಯ ನಡುವೆ ನಿಂತು ಉಪಚಾರ ಹೇಳುವುದು ಎಲ್ಲವೂ ಇರುತ್ತದೆ. ಆದ್ದರಿಂದ ಹಣ ಉಳಿಸಬೇಕಾದರೆ ಡ್ರೋನ್ ಬಿಡಿ, ಕ್ರೇನ್ ಬಿಡಿ, ಟ್ರೆಡಿಷನಲ್ ವಿಡಿಯೋವನ್ನು ಬಿಡಬೇಡಿ ಎಂಬುದು ನಮ್ಮ ಸಲಹೆ.

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಪ್ರೇಮಕಥೆ ಎಂದು ಹೇಳಲು ಏನಿದೆ?

ಈ ಸಂಕೋಚದಿಂದ ಮಾತು ಆರಂಭಿಸುವವರೇ ಹೆಚ್ಚು. ಕಾಲೇಜಿನಲ್ಲಿ ಪರಿಚಯವಾಗಿ, ಏಳೆಂಟು ವರ್ಷ ಕಾದು, ಮನೆಯವರನ್ನು ಒಪ್ಪಿಸಿ ಮದುವೆಯಾದವರಿಗೆ ಮಾತ್ರ ಕಥೆಯಿದೆ ಎಂಬ ಭಾವನೆ ಎಲ್ಲೆಡೆ ಇದೆ. ನಮ್ಮ ಅನುಭವದಲ್ಲಿ ಹಾಗಲ್ಲ. ಪ್ರೇಮವಿವಾಹದ ಕಥೆಯನ್ನು ಇಬ್ಬರೂ ಸ್ನೇಹಿತರಿಗೆ ನೂರು ಸಲ ಹೇಳಿರುವುದರಿಂದ ಅದು ಬಾಯಿಪಾಠವಾಗಿರುತ್ತದೆ. ನೋಡಿ ಮಾಡಿದ ಮದುವೆಯಲ್ಲಿ ನಿಶ್ಚಿತಾರ್ಥಕ್ಕೂ ಧಾರೆಗೂ ನಡುವಿನ ನಾಲ್ಕಾರು ತಿಂಗಳು ಇನ್ನೂ ಹಸಿಯಾಗಿರುತ್ತವೆ. ಅದನ್ನು ಯಾರೂ ಅವರನ್ನು ಕೇಳಿರುವುದಿಲ್ಲ.

ಹೆಣ್ಣು ನೋಡಲು ಬಂದ ದಿನ ಕಾರಿನಿಂದ ಮೊದಲು ಇಳಿದವರು ಯಾರು, ಜಾತಕ ಕೂಡಿಬರುವುದಿಲ್ಲವೇನೋ ಎಂಬ ಅನುಮಾನ ಎಷ್ಟು ದಿನ ಇತ್ತು, ಮೊದಲ ಸಲ ಇಬ್ಬರನ್ನೇ ಮಹಡಿಗೆ ಮಾತಾಡಲು ಕಳುಹಿಸಿದಾಗ ಕೆಳಗೆ ಕುಳಿತವರು ಏನು ಮಾತಾಡುತ್ತಿದ್ದರು, ಬಹುವಚನದಿಂದ ಏಕವಚನಕ್ಕೆ ಇಳಿದದ್ದು ಯಾವಾಗ, ಮೊದಲು ಇಳಿದವರು ಯಾರು: ಇಂಥ ಪ್ರಶ್ನೆಗಳನ್ನು ನಾವು ಕೇಳುತ್ತೇವೆ. ಇದೇ ಪ್ರಶ್ನೆಗಳನ್ನು ವಧುವಿನ ತಾಯಿಯನ್ನೂ ವರನ ತಂಗಿಯನ್ನೂ ಬೇರೆ ಬೇರೆಯಾಗಿ ಕೇಳುತ್ತೇವೆ. ಒಂದೇ ಸಂಜೆಯನ್ನು ಮೂವರು ಮೂರು ರೀತಿಯಲ್ಲಿ ನೆನಪಿಟ್ಟಿರುತ್ತಾರೆ. ಆ ವ್ಯತ್ಯಾಸವನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಫಿಲ್ಮಿನ ಅರ್ಧ ಕೆಲಸ ಮುಗಿದಂತೆ.

ಕ್ಯಾಮೆರಾ ಮುಂದೆ ನಮಗೆ ಮಾತೇ ಬರುವುದಿಲ್ಲ. ಬರೆದುಕೊಂಡು ಓದಬಹುದೇ?

ದಯವಿಟ್ಟು ಬೇಡ. ಬರೆದದ್ದನ್ನು ಓದುವಾಗ ಧ್ವನಿ ಭಾಷಣದ ಧಾಟಿಗೆ ಹೊರಳುತ್ತದೆ. ಮದುವೆಗೆ ಎರಡು ಮೂರು ವಾರ ಮೊದಲು, ಅವಸರವಿಲ್ಲದ ಒಂದು ಬೆಳಿಗ್ಗೆ, ನಿಮ್ಮ ಮನೆಯಲ್ಲೇ ಮಾತು ದಾಖಲಿಸುತ್ತೇವೆ. ಫ್ಯಾನ್ ನಿಲ್ಲಿಸುತ್ತೇವೆ, ಫ್ರಿಜ್ ಅರ್ಧ ಗಂಟೆ ಆರಿಸುತ್ತೇವೆ, ಅಡುಗೆಮನೆಯವರಿಗೆ ಕುಕ್ಕರ್ ಇಡಬೇಡಿ ಎಂದು ಕೇಳಿಕೊಳ್ಳುತ್ತೇವೆ. ಪ್ರಶ್ನೆ ಕೇಳುವವರು ಕ್ಯಾಮೆರಾದ ಪಕ್ಕದಲ್ಲಿ ಕುಳಿತಿರುತ್ತಾರೆ. ನೀವು ಲೆನ್ಸ್ ನೋಡಬೇಕಾಗಿಲ್ಲ, ಅವರೊಡನೆ ಮಾತಾಡಿದರೆ ಸಾಕು.

"ಇವರಲ್ಲಿ ನಿಮಗೆ ಏನು ಇಷ್ಟ?" ಎಂದು ನಾವು ಕೇಳುವುದಿಲ್ಲ, ಏಕೆಂದರೆ ಅದಕ್ಕೆ ಬರುವ ಉತ್ತರ ಎಲ್ಲರದೂ ಒಂದೇ: ಒಳ್ಳೆಯ ಸ್ವಭಾವ, ಎಲ್ಲರೊಡನೆ ಹೊಂದಿಕೊಳ್ಳುತ್ತಾರೆ. ಅದರ ಬದಲು "ಇವರು ಸಿಟ್ಟಾದಾಗ ಮೊದಲು ಏನು ಮಾಡುತ್ತಾರೆ?" ಎಂದು ಕೇಳಿದರೆ ವಧು ಒಂದು ಕ್ಷಣ ತಡೆದು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಸುಮ್ಮನೆ ಪಾತ್ರೆ ತೊಳೆಯಲು ಹೋಗುತ್ತಾರೆ" ಎನ್ನುತ್ತಾಳೆ. ಪಕ್ಕದ ಕೋಣೆಯಿಂದ ಅತ್ತೆ ನಕ್ಕದ್ದೂ ಮೈಕಿನಲ್ಲಿ ಬೀಳುತ್ತದೆ. ಆ ನಗುವನ್ನು ನಾವು ತೆಗೆಯುವುದಿಲ್ಲ.

ಅಜ್ಜ-ಅಜ್ಜಿಯರು ಇದ್ದರೆ ಅವರಿಗೂ ಅರ್ಧ ಗಂಟೆ ಮೀಸಲಿಡಿ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸೋಬಾನೆ ಪದ, ಮಲೆನಾಡಿನಲ್ಲಿ ಹಸೆಗೆ ಕರೆಯುವ ಹಾಡು, ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರು ಹೇಳುವ ಒಡಪು ಬಲ್ಲವರು ಇನ್ನೂ ಇದ್ದಾರೆ. ಛತ್ರದ ಧ್ವನಿವರ್ಧಕದ ಗದ್ದಲದಲ್ಲಿ ಅವರ ಧ್ವನಿ ಯಾರಿಗೂ ಕೇಳಿಸುವುದಿಲ್ಲ. ಮನೆಯಲ್ಲಿ ಹಾಡಿಸಿದರೆ ಫಿಲ್ಮಿಗೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಸಂಗೀತವನ್ನು ಹಣ ಕೊಟ್ಟು ತರುವುದು ಕಷ್ಟ.

ಮಾಂಗಲ್ಯಧಾರಣೆಯ ಹೊತ್ತಿಗೆ ಎಲ್ಲರೂ ವೇದಿಕೆಗೆ ನುಗ್ಗುತ್ತಾರೆ. ಆ ಕ್ಷಣ ತಪ್ಪಿಹೋಗುವುದಿಲ್ಲವೇ?

ತಪ್ಪಿಹೋಗುವ ಸಾಧ್ಯತೆ ನಿಜವಾಗಿಯೂ ಇರುವ ಕ್ಷಣ ಅದೊಂದೇ ಆದ್ದರಿಂದ ನಮ್ಮ ಸಿದ್ಧತೆಯ ದೊಡ್ಡ ಭಾಗ ಅದಕ್ಕೇ ಮೀಸಲು. ಅಂತರಪಟ ಸರಿದು, ಜೀರಿಗೆ-ಬೆಲ್ಲ ಮುಗಿದು, ಧಾರೆಯ ನೀರು ಬಿದ್ದ ಮೇಲೆ ಪುರೋಹಿತರು ಮಾಂಗಲ್ಯದ ತಟ್ಟೆಯನ್ನು ಹಿರಿಯರ ಕೈಗೆ ಮುಟ್ಟಿಸಿ ತರಲು ಕಳುಹಿಸುತ್ತಾರೆ. ತಟ್ಟೆ ಮರಳಿ ವೇದಿಕೆ ಏರಿತೆಂದರೆ ನಮಗೆ ಉಳಿದಿರುವುದು ಒಂದೆರಡು ನಿಮಿಷ. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎನ್ನುತ್ತಾರೆ, ನಾಗಸ್ವರ-ಡೋಲುಗಳು ಒಮ್ಮೆಲೇ ಏರುತ್ತವೆ, ಸಭೆಯ ಅರ್ಧ ಭಾಗ ಎದ್ದು ನಿಲ್ಲುತ್ತದೆ, ಅಕ್ಷತೆ ಹಾರುತ್ತದೆ, ಮೊಬೈಲುಗಳು ಮೇಲೇಳುತ್ತವೆ. ಮೂರು ಗಂಟು ಬೀಳುವಷ್ಟರಲ್ಲಿ ಅರ್ಧ ನಿಮಿಷವೂ ಆಗಿರುವುದಿಲ್ಲ.

ಆ ಹೊತ್ತಿನಲ್ಲಿ ಸಭೆಯ ನಡುವೆ ನಿಂತ ಕ್ಯಾಮೆರಾಕ್ಕೆ ಬೆನ್ನುಗಳ ಹೊರತು ಏನೂ ಕಾಣುವುದಿಲ್ಲ. ಆದ್ದರಿಂದ ಒಂದು ಕ್ಯಾಮೆರಾ ಮಂಟಪದ ಒಳಗೇ, ಪುರೋಹಿತರ ಹಿಂಬದಿಯಲ್ಲಿ, ವಧುವಿನ ಮುಖಕ್ಕೆ ಎದುರಾಗಿ ಇರುತ್ತದೆ. ಎರಡನೆಯದು ಗಂಟು ಹಾಕುವ ಕೈಗಳನ್ನೂ ಹಿಂದೆ ನಿಂತ ವರನ ಅಕ್ಕ-ತಂಗಿಯರನ್ನೂ ಹಿಡಿಯುತ್ತದೆ. ಮೂರನೆಯದು ವೇದಿಕೆಗೆ ಬೆನ್ನು ಮಾಡಿ ತಂದೆ-ತಾಯಿಯರ ಕಡೆಗೆ ತಿರುಗಿರುತ್ತದೆ. ಈ ಮೂರನೆಯ ಕ್ಯಾಮೆರಾದ ದೃಶ್ಯಗಳೇ ಕೊನೆಗೆ ಹೆಚ್ಚು ಬೇಕಾಗುತ್ತವೆ. ಧಾರೆ ಎರೆದು ಎದ್ದ ತಂದೆಗೆ ತಮ್ಮ ಮುಖವನ್ನು ಯಾರೋ ನೋಡುತ್ತಿದ್ದಾರೆ ಎಂಬ ಪರಿವೆ ಇರುವುದಿಲ್ಲ.

ಬಾಸಿಂಗ ಮತ್ತು ಪೇಟಗಳ ನೆರಳು ಹಣೆಯಿಂದ ಕಣ್ಣಿನವರೆಗೆ ಇಳಿಯುವುದರಿಂದ ದೀಪವನ್ನು ತಲೆಯ ಮೇಲಿಂದ ಕೊಡದೆ ಮುಖದ ಮಟ್ಟಕ್ಕೆ ಇಳಿಸಿಡುತ್ತೇವೆ. ಲಾಜಾಹೋಮದ ಹೊಗೆ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಛತ್ರದ ಫ್ಯಾನುಗಳನ್ನು ಹಾಕಿ ಹಿಂದಿನ ಸಂಜೆಯೇ ನೋಡಿಕೊಳ್ಳುತ್ತೇವೆ. ನಿಮ್ಮಿಂದ ಬೇಕಾದ ಸಹಾಯ ಒಂದೇ: ಗಟ್ಟಿಮೇಳದ ಹೊತ್ತಿಗೆ ಮಂಟಪದ ಮುಂದೆ ಯಾರೂ ಅಡ್ಡ ನಿಲ್ಲದಂತೆ ನೋಡಿಕೊಳ್ಳಲು, ಎಲ್ಲರೂ ಮಾತು ಕೇಳುವ ಒಬ್ಬ ಸೋದರಮಾವನಿಗೋ ಭಾವನಿಗೋ ಹೇಳಿಡಿ. ನಾವು ಹೇಳಿದರೆ ಅತಿಥಿಗಳಿಗೆ ಬೇಸರವಾಗುತ್ತದೆ, ಅವರು ಹೇಳಿದರೆ ಆಗುವುದಿಲ್ಲ.

ವಿಡಿಯೋಗಾಗಿ ಶಾಸ್ತ್ರವನ್ನು ಮತ್ತೊಮ್ಮೆ ಮಾಡಿಸುತ್ತೀರಾ?

ಇಲ್ಲ. ತಾಳಿಯನ್ನು ಹಿಡಿದುಕೊಂಡೇ ಈ ಕಡೆ ನೋಡಿ ಎಂದು ವರನಿಗೆ ಹೇಳುವುದೂ ಇಲ್ಲ. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಕ್ಯಾಮೆರಾದವರನ್ನು ಗದರುವುದನ್ನು ನೀವೂ ನೋಡಿರುತ್ತೀರಿ. ಆ ಜಗಳದಲ್ಲಿ ಪುರೋಹಿತರೇ ಸರಿ.

ನಮ್ಮ ಕಡೆಯ ಪದ್ಧತಿ ಬೇರೆ. ನಿಮಗೆ ಅದು ಗೊತ್ತಿರುತ್ತದೆಯೇ?

ಎಲ್ಲ ಪದ್ಧತಿಗಳೂ ಗೊತ್ತು ಎಂದು ಹೇಳುವವರನ್ನು ನಂಬಬೇಡಿ. ಒಂದೇ ಸಮುದಾಯದಲ್ಲೂ ಜಿಲ್ಲೆಯಿಂದ ಜಿಲ್ಲೆಗೆ ಕ್ರಮ ಬದಲಾಗುತ್ತದೆ. ಆದ್ದರಿಂದ ಮನೆಯ ಹಿರಿಯರೊಬ್ಬರ ಜೊತೆ ಕುಳಿತು ಯಾವುದರ ನಂತರ ಯಾವುದು, ಎಲ್ಲಿ, ಯಾರು ಮಾಡುತ್ತಾರೆ ಎಂಬುದನ್ನು ಬರೆದುಕೊಳ್ಳುತ್ತೇವೆ. ಕೊಡವರ ಮದುವೆಯಲ್ಲಿ ಪುರೋಹಿತರಿರುವುದಿಲ್ಲ, ಹಿರಿಯರು ಸಾಲಾಗಿ ಬಂದು ಹರಸುತ್ತಾರೆ. ಬಾಳೆ ಕಡಿಯುವುದು ಕ್ಷಣಾರ್ಧದ ಕೆಲಸ, ಆದರೆ ಗಂಗಾಪೂಜೆಯಲ್ಲಿ ವಧು ನೀರು ಹೊತ್ತು ಬರುವಾಗ ವರನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ತಡೆಯುವುದು ಗಂಟೆಗಟ್ಟಲೆ ನಡೆಯಬಹುದು. ಅಲ್ಲಿಯವರೆಗೆ ಬ್ಯಾಟರಿ ಉಳಿಸಿಕೊಳ್ಳುವುದು ಗೊತ್ತಿರಬೇಕು. ಮಂಗಳೂರಿನ ಕ್ಯಾಥೋಲಿಕ್ ಕುಟುಂಬಗಳಲ್ಲಿ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನಹಾಲು ಹಚ್ಚಿ ಕೊಂಕಣಿಯ ವೊವಿಯೊ ಹಾಡುತ್ತಾರೆ. ಕ್ಯಾಮೆರಾಕ್ಕೆ ಹೊದಿಕೆ ಹಾಕಿಕೊಂಡು ಹತ್ತಿರ ಹೋಗಬೇಕಾದ ಸಂದರ್ಭ ಅದು. ನಿಕಾಹ್ ಸಮಯದಲ್ಲಿ ಹೆಂಗಸರೂ ಗಂಡಸರೂ ಬೇರೆ ಬೇರೆ ಕುಳಿತುಕೊಳ್ಳುವ ಮನೆಗಳಲ್ಲಿ ವಧುವಿನ ಕಡೆಗೆ ಮಹಿಳಾ ಛಾಯಾಗ್ರಾಹಕಿಯರನ್ನೇ ಕಳುಹಿಸುತ್ತೇವೆ.

ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ನೆರವೇರಿಸಿದ ಮಂತ್ರ ಮಾಂಗಲ್ಯದ ಕ್ರಮದಲ್ಲಿ ಈಗಲೂ ಹಲವರು ಮದುವೆಯಾಗುತ್ತಾರೆ. ಇಡೀ ಕಾರ್ಯಕ್ರಮ ಬೇಗ ಮುಗಿಯುವುದರಿಂದ ವಿಡಿಯೋಗೆ ಕೆಲಸವಿಲ್ಲ ಎಂದುಕೊಳ್ಳಬೇಡಿ. ಅಲ್ಲಿ ಓದುವ ಮಾತುಗಳೇ ಮದುವೆಯಾದ್ದರಿಂದ ಪ್ರತಿ ಪದವೂ ಸ್ಪಷ್ಟವಾಗಿ ದಾಖಲಾಗಬೇಕು.

ಧ್ವನಿಗೆ ಇಷ್ಟು ಮಹತ್ವ ಏಕೆ?

ಅಲುಗಿದ ದೃಶ್ಯವನ್ನು ಜನ ಕ್ಷಮಿಸುತ್ತಾರೆ, ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ. ವರನ ಶಲ್ಯಕ್ಕೆ ಒಂದು ಕಾಲರ್ ಮೈಕು, ಪುರೋಹಿತರ ಉತ್ತರೀಯಕ್ಕೆ ಇನ್ನೊಂದು, ಛತ್ರದ ಸೌಂಡ್ ಸಿಸ್ಟಮ್‌ನ ಮಿಕ್ಸರಿನಿಂದ ನೇರವಾಗಿ ಒಂದು ಎಳೆ: ಇಷ್ಟು ನಮ್ಮ ಕನಿಷ್ಠ ವ್ಯವಸ್ಥೆ. ವಧುವಿಗೆ ಮೈಕು ಹಾಕುವುದು ಅಪರೂಪ. ರೇಷ್ಮೆ ಸೀರೆಯ ಸರಬರ, ಸರ-ಬಳೆಗಳ ಸದ್ದು ಮಾತನ್ನು ನುಂಗುತ್ತವೆ, ವರನ ಮೈಕಿನಲ್ಲೇ ಅವಳ ಧ್ವನಿಯೂ ಸಿಗುತ್ತದೆ. ಮಂತ್ರದ ಮಂದ ಧ್ವನಿಗೆ ಹೊಂದಿಸಿದ ಮೈಕಿನಲ್ಲಿ ಗಟ್ಟಿಮೇಳದ ಸದ್ದು ಒಡೆದುಹೋಗದಿರಲೆಂದು 32-ಬಿಟ್ ಫ್ಲೋಟ್ ರೆಕಾರ್ಡರ್ ಬಳಸುತ್ತೇವೆ. ಅದರಲ್ಲಿ ತೀರಾ ಏರಿದ ಧ್ವನಿಯನ್ನೂ ಸಂಕಲನದ ಹಂತದಲ್ಲಿ ಇಳಿಸಿಕೊಳ್ಳಬಹುದು.

ಅಲಂಕಾರದವರಿಗೆ ಏನಾದರೂ ಹೇಳಬೇಕೇ?

ಎರಡು ಮಾತು ಹೇಳಿ. ಮಂಟಪದ ಮೇಲೆ ನೇರಳೆ, ಗಾಢ ಗುಲಾಬಿ ಬಣ್ಣದ ದೀಪ ಬೇಡ; ಮೈಬಣ್ಣವೂ ಅರಿಶಿನದ ಬಣ್ಣವೂ ಕೆಟ್ಟುಹೋಗುತ್ತವೆ, ನಂತರ ಸರಿಪಡಿಸುವುದು ಬಹುತೇಕ ಅಸಾಧ್ಯ. ಆರತಕ್ಷತೆಯ ವೇದಿಕೆಗೆ ಎಲ್‌ಇಡಿ ಪರದೆ ಹಾಕುವುದಾದರೆ ಹಿಂದಿನ ದಿನ ಹತ್ತು ನಿಮಿಷ ಹಚ್ಚಿ ತೋರಿಸಲಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಸಾಮಾನ್ಯ ದೀಪಗಳಿಗೆ ಕ್ಯಾಮೆರಾದ ಷಟರ್ ವೇಗವನ್ನು ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಮಿನುಗು ಬರುವುದಿಲ್ಲ. ಎಲ್‌ಇಡಿ ಪರದೆಗಳ ಲೆಕ್ಕ ಬೇರೆ, ಒಂದೊಂದಕ್ಕೂ ಒಂದೊಂದು ರೀತಿ ಹೊಂದಿಸಬೇಕು.

ಡ್ರೋನ್ ಬೇಕೇ ಬೇಕು ಎನ್ನುತ್ತಾನೆ ತಮ್ಮ. ಎಲ್ಲೆಡೆ ಹಾರಿಸಬಹುದೇ?

ಇಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ಸರ್ಕಾರದ ಆನ್‌ಲೈನ್ ನಕ್ಷೆಯಾದ ಡಿಜಿಟಲ್ ಸ್ಕೈಯಲ್ಲಿ ನಿಮ್ಮ ಛತ್ರ ಯಾವ ವಲಯದಲ್ಲಿದೆ ಎಂದು ನೋಡಬಹುದು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಾಟಕ್ಕೆ ಪ್ರತ್ಯೇಕ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ, ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಹಾರಿಸುವಂತೆಯೇ ಇಲ್ಲ. ದೇವನಹಳ್ಳಿಯ ಸುತ್ತಲಿನ ರೆಸಾರ್ಟುಗಳಲ್ಲಿ, ಯಲಹಂಕದ ವಾಯುನೆಲೆಯ ಆಸುಪಾಸಿನಲ್ಲಿ ಮದುವೆ ಇಟ್ಟುಕೊಂಡವರು ಈ ಆಸೆಯನ್ನು ಬಿಡುವುದೇ ಕ್ಷೇಮ. 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ಹಣ ಪಡೆದು ಹಾರಿಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇರಬೇಕು. ಯಾರನ್ನು ಕರೆಸಿದರೂ ಅದನ್ನು ಕೇಳಿ ನೋಡಿ. ತೋಟದ ಮನೆಯಲ್ಲಿ, ಕೆರೆ ದಂಡೆಯ ಊರಿನಲ್ಲಿ ಡ್ರೋನ್ ದೃಶ್ಯಕ್ಕೆ ಅರ್ಥವಿದೆ. ನಗರದ ಕನ್ವೆನ್ಷನ್ ಹಾಲಿನ ಮೇಲಿಂದ ಕಾಣುವುದು ಶೀಟಿನ ಚಾವಣಿ ಮತ್ತು ಪಾರ್ಕಿಂಗ್.

ಪ್ರಿ-ವೆಡ್ಡಿಂಗ್ ಚಿತ್ರೀಕರಣಕ್ಕೆ ಯಾವ ಜಾಗ ಒಳ್ಳೆಯದು?

ನಿಮ್ಮಿಬ್ಬರಿಗೂ ಸಂಬಂಧವಿರುವ ಜಾಗ. ಇಬ್ಬರೂ ಸಂಜೆ ಭೇಟಿಯಾಗುತ್ತಿದ್ದ ಹೋಟೆಲಿನ ಫಿಲ್ಟರ್ ಕಾಫಿ ಕಟ್ಟೆ, ಅವರ ಊರಿಗೆ ಹೋಗುವ ಕೆಂಪು ಬಸ್ಸು, ಅಜ್ಜನ ಅಡಿಕೆ ತೋಟ ಇವು ಬಾಡಿಗೆ ಗೌನಿಗಿಂತ ಹೆಚ್ಚು ಹೇಳುತ್ತವೆ. ಹಂಪಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಟ್ಟು ಚಿತ್ರೀಕರಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ದೇವಸ್ಥಾನಗಳ ಗರ್ಭಗುಡಿಯ ಕಡೆಗೆ ಕ್ಯಾಮೆರಾ ತಿರುಗಿಸುವಂತಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಾವು ಹಟ ಹಿಡಿಯುತ್ತೇವೆ. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ತೆಪ್ಪದ ಮೇಲೆ ಚಿತ್ರೀಕರಿಸುವಾಗ ತೆಪ್ಪ ಮಗುಚಿ, ಕೆಲವೇ ದಿನಗಳಲ್ಲಿ ಮದುವೆಯಾಗಬೇಕಿದ್ದ ಜೋಡಿಯೊಂದು ನೀರುಪಾಲಾಯಿತು. ಜೀವರಕ್ಷಕ ಕವಚ ಹಾಕಿಕೊಂಡರೆ ಫ್ರೇಮು ಚೆನ್ನಾಗಿ ಕಾಣುವುದಿಲ್ಲ ಎನ್ನುವವರಿಗೆ ದಂಡೆಯ ಮೇಲಿನ ಫ್ರೇಮನ್ನೇ ಕೊಡುತ್ತೇವೆ. ಜಲಪಾತದ ತುದಿ, ರೈಲು ಹಳಿ, ಅಣೆಕಟ್ಟಿನ ಕಟ್ಟೆ ಇವಕ್ಕೂ ನಮ್ಮ ಉತ್ತರ ಇದೇ.

ನಮಗೆ ಇಷ್ಟವಾದ ಸಿನಿಮಾ ಹಾಡನ್ನು ಹಾಕುತ್ತೀರಾ?

ಮನೆಯವರು ಕುಳಿತು ನೋಡುವ ಪ್ರತಿಯ ವಿಷಯ ಬೇರೆ, ಯೂಟ್ಯೂಬ್ ಅಥವಾ ಇನ್‌ಸ್ಟಾಗ್ರಾಂಗೆ ಏರಿಸುವ ಪ್ರತಿಯ ವಿಷಯ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡುಗಳನ್ನು ನುಡಿಸಲು ವಿನಾಯಿತಿ ಇದೆ. ಅದು ಸಮಾರಂಭಕ್ಕೆ ಸಿಕ್ಕ ವಿನಾಯಿತಿಯೇ ಹೊರತು ಆ ಹಾಡನ್ನು ದೃಶ್ಯಕ್ಕೆ ಜೋಡಿಸಿ ಜಗತ್ತಿಗೆ ಹಂಚಲು ಸಿಕ್ಕ ಪರವಾನಗಿ ಎಂದು ತಿಳಿಯಬಾರದು. ಅಂಥ ವಿಡಿಯೋದ ಧ್ವನಿಯನ್ನು ಯೂಟ್ಯೂಬ್ ಅಡಗಿಸಬಹುದು ಅಥವಾ ವಿಡಿಯೋವನ್ನೇ ತಡೆಯಬಹುದು. ಆದ್ದರಿಂದ ಹಂಚುವ ಪ್ರತಿಗೆ ಪರವಾನಗಿ ಕೊಂಡ ಸಂಗೀತವನ್ನೋ ನಿಮ್ಮ ಮನೆಯವರೇ ಹಾಡಿದ ಸಾಂಪ್ರದಾಯಿಕ ಹಾಡುಗಳನ್ನೋ ಬಳಸುತ್ತೇವೆ.

ವಿಡಿಯೋದ ಹಕ್ಕು ಯಾರದು? ನಮ್ಮನ್ನು ಕೇಳದೆ ನೀವು ರೀಲ್ಸ್ ಹಾಕಬಹುದೇ?

ಅದೇ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಛಾಯಾಚಿತ್ರ ಅಥವಾ ಚಲನಚಿತ್ರದ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಕೋರಿದವರದೇ. "ಬೇರೆ ಒಪ್ಪಂದವಿಲ್ಲದಿದ್ದರೆ" ಎಂಬ ಮಾತನ್ನು ಗಮನಿಸಿ. ಹಲವರ ಕರಾರುಪತ್ರದ ಕೊನೆಯ ಪುಟದಲ್ಲಿ ಹಕ್ಕು ಸ್ಟುಡಿಯೋದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ ಸಹಿ ಮಾಡಿ. ನಾವು ಬರಹದ ಒಪ್ಪಿಗೆಯಿಲ್ಲದೆ ಏನನ್ನೂ ಹಾಕುವುದಿಲ್ಲ. ಒಪ್ಪಿಗೆ ಕೊಟ್ಟವರ ವಿಡಿಯೋದಲ್ಲೂ ಅರಿಶಿನ ಶಾಸ್ತ್ರ, ಮಂಗಳಸ್ನಾನದ ದೃಶ್ಯಗಳನ್ನೂ ಮಕ್ಕಳ ಮುಖಗಳನ್ನೂ ಹೊರಗಿಡುತ್ತೇವೆ.

ಅಮೆರಿಕದಲ್ಲಿರುವ ಅಣ್ಣ ಬರಲಾಗುತ್ತಿಲ್ಲ. ನೇರ ಪ್ರಸಾರ ಮಾಡಬಹುದೇ?

ಮಾಡಬಹುದು. ಬೆಳಿಗ್ಗೆ 10ರ ಮುಹೂರ್ತವೆಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ರಾತ್ರಿ 8:30, ಬೇಸಿಗೆಯ ತಿಂಗಳುಗಳಲ್ಲಿ 9:30. ಅವರಿಗೆ ಅನುಕೂಲದ ಹೊತ್ತೇ. ಛತ್ರದ ವೈಫೈ ನೆಚ್ಚಿಕೊಳ್ಳುವುದಿಲ್ಲ, ಎರಡು ಕಂಪನಿಗಳ ಸಿಮ್ ಇಟ್ಟುಕೊಳ್ಳುತ್ತೇವೆ. ಮುಹೂರ್ತದ ಹೊತ್ತಿಗೆ ಸಾವಿರ ಜನರ ಮೊಬೈಲುಗಳು ಒಂದೇ ಟವರಿಗೆ ಜೋತುಬೀಳುವುದರಿಂದ, ಅಡಚಣೆಯೇ ಬರುವುದಿಲ್ಲ ಎಂಬ ಭರವಸೆ ಕೊಡಲಾರೆವು. ಅಣ್ಣನಿಂದ ಮೊದಲೇ ಎರಡು ನಿಮಿಷದ ಮಾತನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿಸಿ ಕಳುಹಿಸಿದರೆ ಫಿಲ್ಮಿನಲ್ಲಿ ಅವರಿಗೂ ಜಾಗ ಸಿಗುತ್ತದೆ.

ಎಲ್ಲ ಮುಗಿದು ವಿಡಿಯೋ ಕೈಗೆ ಸಿಗಲು ಎಷ್ಟು ದಿನ?

ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಒಂದೇ ದಿನಕ್ಕೆ ಹತ್ತಾರು ಮದುವೆ ಬೀಳುತ್ತವೆ, ಆಷಾಢದಲ್ಲಿ ಮದುವೆಗಳಿಲ್ಲ. ಹೀಗಾಗಿ ವೈಶಾಖದ ಮದುವೆಗಳ ಸಂಕಲನ ಬಹುಪಾಲು ಆಷಾಢದಲ್ಲೇ ನಡೆಯುತ್ತದೆ. ಟ್ರೆಡಿಷನಲ್ ವಿಡಿಯೋ ಒಂದೂವರೆ ತಿಂಗಳಲ್ಲಿ, ಕಥೆಯ ಫಿಲ್ಮ್ ಮೂರು ತಿಂಗಳಲ್ಲಿ ಕೊಡುತ್ತೇವೆ. ವಾರದೊಳಗೆ ಕೊಡುತ್ತೇವೆ ಎನ್ನುವವರು ಸಿದ್ಧ ಅಚ್ಚಿನೊಳಗೆ ನಿಮ್ಮ ದೃಶ್ಯಗಳನ್ನು ತುಂಬುತ್ತಿರುತ್ತಾರೆ.

ಸಂಕಲಿಸದ ಮೂಲ ದೃಶ್ಯಗಳನ್ನೂ ಕೊಡುತ್ತೀರಾ?

ಕೊಡುತ್ತೇವೆ, ಹಾರ್ಡ್ ಡಿಸ್ಕ್ ನೀವು ತರಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ವಿಡಿಯೋ ಗಂಟೆಗೆ 45 ಜಿಬಿ ಜಾಗ ತಿನ್ನುತ್ತದೆ. ಮೂರು ಕ್ಯಾಮೆರಾಗಳು ತಲಾ 8 ಗಂಟೆ ಓಡಿದರೆ 1 ಟಿಬಿ ದಾಟುತ್ತದೆ. ಚಿತ್ರೀಕರಣದ ಹೊತ್ತಿಗೇ ಎರಡು ಕಾರ್ಡುಗಳಲ್ಲಿ ಏಕಕಾಲಕ್ಕೆ ದಾಖಲಾಗುತ್ತದೆ, ರಾತ್ರಿಯೇ ಎರಡು ಡಿಸ್ಕಿಗೆ ನಕಲಾಗುತ್ತದೆ. ಅಂತಿಮ ಪ್ರತಿ ತಲುಪಿದ ಒಂದು ವರ್ಷದ ನಂತರ ನಮ್ಮಲ್ಲಿನ ಪ್ರತಿಯನ್ನು ಅಳಿಸುತ್ತೇವೆ. ನಿಮ್ಮದನ್ನು ಒಂದೇ ಕಡೆ ಇಡಬೇಡಿ. ತವರಿನಲ್ಲೊಂದು, ಗಂಡನ ಮನೆಯಲ್ಲೊಂದು ಇರಲಿ.

ಅಪ್ಪ-ಅಮ್ಮನ ಮದುವೆಯ ಹಳೆಯ ಕ್ಯಾಸೆಟ್ ಇದೆ. ಅದನ್ನು ಫಿಲ್ಮಿನಲ್ಲಿ ಬಳಸಬಹುದೇ?

ಖಂಡಿತ ತನ್ನಿ, ಮತ್ತು ಬೇಗ ತನ್ನಿ. ವಿಎಚ್‌ಎಸ್ ಟೇಪಿಗೆ ನಮ್ಮ ಮಳೆಗಾಲದ ತೇವದಲ್ಲಿ ಬೂಸ್ಟು ಹಿಡಿಯುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲೇ ತಯಾರಿಕೆ ನಿಲ್ಲಿಸಿದ್ದರಿಂದ, ಸುಸ್ಥಿತಿಯಲ್ಲಿರುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಬಿಳಿಯ ಬೂಸ್ಟು ಕಂಡರೆ ಮನೆಯ ಹಳೆಯ ಪ್ಲೇಯರಿಗೆ ಹಾಕಿ ನೋಡಬೇಡಿ. ಟೇಪು ಹರಿಯಬಹುದು, ಹೆಡ್ಡೂ ಕೆಡಬಹುದು. ಮೊದಲು ಶುಚಿಮಾಡಿ ಆಮೇಲೆ ಡಿಜಿಟಲ್ ಮಾಡಿಸಬೇಕು. ಹ್ಯಾಲೊಜೆನ್ ದೀಪದ ಬೆಳಕಿಗೆ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡಿರುವ, ಹೃದಯದಾಕಾರದ ಚೌಕಟ್ಟಿನೊಳಗೆ ವಧು-ವರರು ತೇಲಿಬರುವ ಆ ಮಿಕ್ಸಿಂಗನ್ನು ನೋಡಿ ನಗಬೇಡಿ. ಆಗ ಅದು ಶ್ರಮದ ಕೆಲಸವಾಗಿತ್ತು. ಆ ದೃಶ್ಯಗಳ ಅಂಚು ಕತ್ತರಿಸಿ ಅಗಲ ಪರದೆಗೆ ಹಿಗ್ಗಿಸದೆ, 4:3 ಚೌಕದಲ್ಲೇ, ನಿಮ್ಮ ಧಾರೆಯ ದೃಶ್ಯದ ಪಕ್ಕದಲ್ಲಿ ಇಡುತ್ತೇವೆ.

ಮುಂಗಡ ಎಷ್ಟು? ಮದುವೆ ಮುಂದೂಡಿದರೆ?

ದಿನ ಕಾದಿರಿಸಲು ಮೂರನೆಯ ಒಂದು ಭಾಗ, ಮದುವೆಯ ವಾರದಲ್ಲಿ ಇನ್ನೊಂದು ಭಾಗ, ಉಳಿದದ್ದು ಅಂತಿಮ ಪ್ರತಿ ಕೊಡುವಾಗ. ಸೂತಕ, ಅನಾರೋಗ್ಯ ಮೊದಲಾದ ಕಾರಣಗಳಿಂದ ಮದುವೆ ಮುಂದಕ್ಕೆ ಹೋದರೆ ಮುಂಗಡವನ್ನು ಹೊಸ ದಿನಾಂಕಕ್ಕೆ ಹೊಂದಿಸಿಕೊಳ್ಳುತ್ತೇವೆ. ಹೊಸ ಮುಹೂರ್ತ ಗೊತ್ತಾದ ದಿನವೇ ತಿಳಿಸಿ, ಏಕೆಂದರೆ ಪುರೋಹಿತರು ನಿಮಗೆ ಕೊಟ್ಟ ಒಳ್ಳೆಯ ದಿನವನ್ನೇ ಇನ್ನೂ ನಾಲ್ಕು ಮನೆಯವರಿಗೂ ಕೊಟ್ಟಿರುತ್ತಾರೆ.